ಹಳೆಯ ಸೊಪ್ಪಿಗೆ ಬಲೆ, ಹೊಸ ಪುಡಿಗೆ ಬಯಲು

ಗೋಪಿನಾಥಂ ಎಂದೊಡನೆ ನಾಡಿನ ಜನಕ್ಕೆ ನೆನಪಾಗುವುದು ದೊಡ್ಡ ಮೀಸೆಯ ಒಬ್ಬನೇ ಮನುಷ್ಯ. ವೀರಪ್ಪನ್ ಹುಟ್ಟಿದ ಊರು ಎಂಬ ಹಣೆಪಟ್ಟಿ ಆತ ಸತ್ತು ಇಷ್ಟು ವರ್ಷ ಕಳೆದರೂ ಆ ಹಳ್ಳಿಯನ್ನು ಬಿಟ್ಟಿಲ್ಲ. ಮಲೆ ಮಹದೇಶ್ವರ ಬೆಟ್ಟದಿಂದ ಪಾಲಾರ್ ಕಡೆಗೆ ಇಳಿದು ಕಾಡಿನೊಳಗೆ ತಿರುಗಿದರೆ ಸಿಗುವ ಈ ಊರು ಹಿಂದೆ ಕೊಳ್ಳೇಗಾಲ ತಾಲ್ಲೂಕಿನ ಮೂಲೆಯಾಗಿತ್ತು, ಈಗ ಹನೂರು ತಾಲ್ಲೂಕಿನ ಮೂಲೆ. ಆಚೆಗೆ ಕಾವೇರಿ, ಅದರಾಚೆಗೆ ತಮಿಳುನಾಡು. ಮಳೆ ನಂಬಿದ ಹೊಲ, ಕುರಿ ಮೇಕೆ, ದೂರದ ಊರಿನ ಕೂಲಿ, ಇಷ್ಟರಲ್ಲೇ ಬಹುಪಾಲು ಜನರ ಬದುಕು ಮುಗಿಯುತ್ತದೆ.

ಈ ಸೀಮೆಯಿಂದ ಕದ್ದು ಹೊರಗೆ ಹೋದ ಸರಕಿನಲ್ಲಿ ಗಂಧದ ಮರ ಮತ್ತು ಆನೆ ದಂತದ ಕಥೆ ಎಲ್ಲರಿಗೂ ಗೊತ್ತು. ಮೂರನೆಯದೊಂದಿದೆ. ಹನೂರು ತಾಲ್ಲೂಕಿನ ಕಾಡಂಚಿನ ಜಮೀನುಗಳಲ್ಲಿ ಮುಸುಕಿನ ಜೋಳದ ಸಾಲುಗಳ ನಡುವೆ ಗಾಂಜಾ ಗಿಡ ಪತ್ತೆಯಾಯಿತು, ಬೆಳೆದವನನ್ನು ಪೊಲೀಸರು ಬಂಧಿಸಿದರು ಎಂಬ ಸುದ್ದಿ ಜಿಲ್ಲಾ ಪುಟಗಳಲ್ಲಿ ಪದೇ ಪದೇ ಕಾಣಿಸಿಕೊಳ್ಳುತ್ತದೆ. ಆಳೆತ್ತರದ ಜೋಳ ಹಸಿರು ಗೋಡೆಯಂತೆ ಸುತ್ತ ನಿಂತರೆ ಒಳಗಿನ ನಾಲ್ಕು ಗಿಡ ಯಾರ ಕಣ್ಣಿಗೂ ಬೀಳದು ಎಂಬ ಲೆಕ್ಕಾಚಾರ. ಕಾನೂನಿನ ಲೆಕ್ಕ ಬೇರೆ. 1985ರ ಮಾದಕ ವಸ್ತು ಕಾಯ್ದೆಯ ಪ್ರಕಾರ ಗಾಂಜಾ ಬೆಳೆದವನಿಗೆ 10 ವರ್ಷದವರೆಗೆ ಕಠಿಣ ಶಿಕ್ಷೆ, 1 ಲಕ್ಷ ರೂಪಾಯಿವರೆಗೆ ದಂಡ.

ಭಂಗಿ ಸೊಪ್ಪು ಎಂದು ಹಿರಿಯರು ಕರೆಯುತ್ತಿದ್ದ ಈ ಗಿಡ ನಮ್ಮ ನೆಲಕ್ಕೆ ಹೊಸದಲ್ಲ. ಬೆಂಗಳೂರಿನ ರಾತ್ರಿಗಳಿಗೆ ಬಂದಿರುವ ಪುಡಿ, ಮಾತ್ರೆ, ಕಾಗದದ ಚೂರುಗಳು ಮಾತ್ರ ಹೊಸವು. ಎರಡನ್ನೂ ಹಿಡಿಯಲೆಂದು ಇರುವ ಸಾಧನ ಒಂದೇ: ಒಂದು ಪ್ಲಾಸ್ಟಿಕ್ ಬಟ್ಟಲು, ಅದರೊಳಗೆ ಅರ್ಧ ಬಟ್ಟಲು ಮೂತ್ರ, ಅದಕ್ಕೆ ಅದ್ದುವ ಒಂದು ಪಟ್ಟಿ. ಈ ಸಾಧನ ಇಬ್ಬರ ವಿಷಯದಲ್ಲೂ ಒಂದೇ ನ್ಯಾಯ ನಡೆಸುತ್ತದೆಯೇ?

ಇಬ್ಬರು ಯುವಕರನ್ನು ಊಹಿಸಿಕೊಳ್ಳಿ. ಒಬ್ಬ ಈ ಬೆಟ್ಟದ ಸೀಮೆಯವನು, ಬೆಂಗಳೂರಿನಲ್ಲಿ ವಾಹನ ಓಡಿಸುವ ಕೆಲಸ. ಬಹುಕಾಲದಿಂದ ದಿನವೂ ಗಾಂಜಾ ಸೇದುತ್ತಿದ್ದು, ಮನೆಯವರ ಮಾತಿಗೆ ಕಟ್ಟುಬಿದ್ದು ಬಿಟ್ಟು ಮೂರು ವಾರವಾಗಿದೆ. ಇನ್ನೊಬ್ಬ ನಿನ್ನೆ ರಾತ್ರಿಯ ಪಾರ್ಟಿಯಲ್ಲಿ ಹೆಸರೇ ಗೊತ್ತಿಲ್ಲದ ಬಿಳಿ ಪುಡಿ ಮೂಗಿಗೇರಿಸಿದವನು. ಇಬ್ಬರಿಗೂ ಇವತ್ತು ಬಟ್ಟಲು ಕೊಟ್ಟರೆ ಸಿಕ್ಕಿಬೀಳುವ ಸಾಧ್ಯತೆ ಹೆಚ್ಚಿರುವುದು ಮೊದಲನೆಯವನೇ. ಎರಡನೆಯವನು ‘ಏನೂ ಇಲ್ಲ’ ಎಂಬ ಚೀಟಿ ಪಡೆದು ಹೊರಗೆ ಬರಬಹುದು. ಇದಕ್ಕೆ ಯಾರ ಲಂಚವೂ ಬೇಕಿಲ್ಲ, ರಸಾಯನಶಾಸ್ತ್ರವೊಂದೇ ಸಾಕು.

ಒಂದೇ ಭಾವಚಿತ್ರದ ಕಾವಲುಗಾರ

ಔಷಧದ ಅಂಗಡಿಯಲ್ಲೂ ಸಿಗುವ ಈ ಪಟ್ಟಿಯ ಒಳಗೆ ಪ್ರತಿಕಾಯಗಳೆಂಬ ಪ್ರೋಟೀನ್ ಕಣಗಳಿರುತ್ತವೆ. ಒಂದೊಂದು ಪ್ರತಿಕಾಯವನ್ನೂ ಒಂದು ನಿರ್ದಿಷ್ಟ ಆಕಾರದ ಅಣುವನ್ನು ಹಿಡಿಯಲೆಂದೇ ತಯಾರಿಸಿರುತ್ತಾರೆ. ಮೂತ್ರ ಪಟ್ಟಿಯ ಮೇಲೆ ಏರುತ್ತಾ ಹೋದಂತೆ, ಅದರಲ್ಲಿ ಆ ಅಣು ಇಲ್ಲದಿದ್ದರೆ ಬಣ್ಣ ಹಚ್ಚಿದ ಪ್ರತಿಕಾಯಗಳು ಮುಂದೆ ಸಾಗಿ ನಿಗದಿಯಾದ ಜಾಗದಲ್ಲಿ ಅಂಟಿಕೊಂಡು ಗೆರೆ ಮೂಡಿಸುತ್ತವೆ. ಅಣು ಇದ್ದರೆ ಪ್ರತಿಕಾಯಗಳು ದಾರಿಯಲ್ಲೇ ಅದನ್ನು ಹಿಡಿದು ಕುಳಿತುಬಿಡುತ್ತವೆ, ಗೆರೆ ಮೂಡುವುದಿಲ್ಲ. ಗರ್ಭ ಪರೀಕ್ಷೆಯ ಪಟ್ಟಿ ನೋಡಿ ಅಭ್ಯಾಸವಾದವರು ಇಲ್ಲಿ ಎಡವುತ್ತಾರೆ. ಅಲ್ಲಿ ಎರಡು ಗೆರೆ ಎಂದರೆ ‘ಇದೆ’, ಇಲ್ಲಿ ಎರಡು ಗೆರೆ ಎಂದರೆ ‘ಇಲ್ಲ’!

ಗಾಂಜಾದ ಮಟ್ಟಿಗೆ ಸಾಮಾನ್ಯವಾಗಿ ಒಪ್ಪಿಕೊಂಡಿರುವ ಮಿತಿ ಒಂದು ಮಿಲಿಲೀಟರ್ ಮೂತ್ರಕ್ಕೆ 50 ನ್ಯಾನೊಗ್ರಾಂ. ಲೀಟರ್ ನೀರಿಗೆ ಪುಡಿಉಪ್ಪಿನ ಒಂದು ಹರಳು ಹಾಕಿದರೆ ಎಷ್ಟೋ, ಹೆಚ್ಚುಕಡಿಮೆ ಅಷ್ಟು. ಪಟ್ಟಿ ಅದನ್ನು ಹಿಡಿಯುತ್ತದೆ ಎಂಬುದು ಸಣ್ಣ ಸಂಗತಿಯೇನಲ್ಲ. ಆದರೆ ಗಾಂಜಾದ ಮಾದಕ ಅಂಶಕ್ಕೆ ಕೊಬ್ಬಿನ ಮೇಲೆ ಪ್ರೀತಿ. ಸೇದಿದ ಮೇಲೆ ಅದು ದೇಹದ ಕೊಬ್ಬಿನಲ್ಲಿ ಅಡಗಿ ಕುಳಿತು, ನಿಧಾನವಾಗಿ ರಕ್ತಕ್ಕೆ ಇಳಿದು, ಯಕೃತ್ತಿನಲ್ಲಿ ರೂಪ ಬದಲಿಸಿ ಮೂತ್ರಕ್ಕೆ ಬರುತ್ತದೆ. ಎಂದೋ ಒಮ್ಮೆ ಸೇದಿದವನಲ್ಲಿ ಕೆಲವು ದಿನ, ದಿನವೂ ಸೇದುತ್ತಿದ್ದವನಲ್ಲಿ ಬಿಟ್ಟ ಮೇಲೂ ಹಲವು ವಾರ ಅದರ ಗುರುತು ಉಳಿಯುತ್ತದೆ. ಅಮಲು ಇಳಿದು ತಿಂಗಳಾಗುತ್ತಾ ಬಂದರೂ ಪಟ್ಟಿ ‘ಇದೆ’ ಎನ್ನಬಹುದು. ಹಾಗೆಂದರೆ ಆ ಚಾಲಕ ಅಂದು ಅಮಲಿನಲ್ಲಿ ವಾಹನ ಓಡಿಸಿದ ಎಂದಲ್ಲ. ಈ ವ್ಯತ್ಯಾಸವನ್ನು ಪಟ್ಟಿ ಹೇಳುವುದಿಲ್ಲ, ನೋಡುವವರು ಕೇಳುವುದೂ ಇಲ್ಲ.

ಮೀಸೆಯ ಮಾತಿಗೆ ಮತ್ತೆ ಬರೋಣ. ವೀರಪ್ಪನ್ ಹುಡುಕಾಟ ನಡೆದ ವರ್ಷಗಳಲ್ಲಿ ಜನರ ಕಣ್ಣಲ್ಲಿ ನಿಂತಿದ್ದುದು ಆ ಹುರಿ ಮಾಡಿದ ಮೀಸೆಯ ಚಿತ್ರ. 2004ರ ಅಕ್ಟೋಬರ್ 18ರಂದು ಧರ್ಮಪುರಿ ಜಿಲ್ಲೆಯ ಪಾಪಾರಪಟ್ಟಿ ಬಳಿ ಆತ ಹತನಾದಾಗ ಆ ಮೀಸೆ ಇರಲಿಲ್ಲ, ಕತ್ತರಿಸಿ ಸಣ್ಣದಾಗಿತ್ತು. ಹಳೆಯ ಚಿತ್ರವೊಂದನ್ನೇ ಹಿಡಿದ ಕಾವಲುಗಾರನ ಮುಂದೆ ಅವನು ಹಾದುಹೋಗಿದ್ದರೂ ಹೋಗಬಹುದಿತ್ತು. ಹೊಸ ಮಾದಕ ವಸ್ತು ತಯಾರಿಸುವವರು ಮಾಡುವುದು ಇದನ್ನೇ. ಅಣುವಿನ ಒಂದು ಬಾಲ ಕತ್ತರಿಸುತ್ತಾರೆ, ಇನ್ನೊಂದು ಕಡೆ ಒಂದು ತುಣುಕು ಜೋಡಿಸುತ್ತಾರೆ. ಮೆದುಳಿಗೆ ಅಮಲೇರಿಸುವ ಗುಣ ಉಳಿಯುತ್ತದೆ, ಪ್ರತಿಕಾಯಕ್ಕೆ ಮಾತ್ರ ಗುರುತು ಸಿಗುವುದಿಲ್ಲ. ಹೆಸರು ಹಿಡಿದು ನಿಷೇಧಿಸುವ ಕಾನೂನಿನ ಪಟ್ಟಿಗೂ ಅದು ಸ್ವಲ್ಪ ಕಾಲ ಹೊರಗಿನದೇ.

ಮೆಫೆಡ್ರೋನ್ ಎಂಬ ಪುಡಿ ಇದಕ್ಕೆ ಒಳ್ಳೆಯ ಉದಾಹರಣೆ. ರಸಾಯನಶಾಸ್ತ್ರಜ್ಞರು ಅದನ್ನು 1929ರಷ್ಟು ಹಿಂದೆಯೇ ತಯಾರಿಸಿದ್ದರು. ಯಾರೂ ಕೇಳುವವರಿಲ್ಲದೆ ಪುಸ್ತಕದಲ್ಲೇ ಉಳಿದಿತ್ತು. ಈ ಶತಮಾನದ ಮೊದಲ ದಶಕದಲ್ಲಿ ಯಾರೋ ಅದನ್ನು ಹೊರಗೆಳೆದರು. ಯುರೋಪಿನ ಕುಣಿತದ ಮನೆಗಳಲ್ಲಿ ‘ಮಿಯಾವ್ ಮಿಯಾವ್’ ಎಂಬ ಹೆಸರಿನಲ್ಲಿ ಓಡಾಡಿತು. ಬ್ರಿಟನ್ 2010ರ ಏಪ್ರಿಲಿನಲ್ಲಿ ನಿಷೇಧಿಸಿತು. ಭಾರತದ ಕಾಯ್ದೆಯ ಪಟ್ಟಿಗೆ ಅದು ಸೇರಿದ್ದು 2015ರ ಫೆಬ್ರವರಿಯಲ್ಲಿ. ಅಷ್ಟರೊಳಗೆ ಮುಂಬೈಯ ಬೀದಿಗಳಲ್ಲಿ ಅದರ ವ್ಯಾಪಾರ ಬೇರೂರಿತ್ತು. ಆಂಫೆಟಮಿನ್ ವರ್ಗಕ್ಕೆಂದು ಮಾಡಿದ ಮಾಮೂಲಿ ಪಟ್ಟಿ ಮೆಫೆಡ್ರೋನನ್ನು ನೆಚ್ಚುವಂತೆ ಹಿಡಿಯುವುದಿಲ್ಲ.

ಇನ್ನೂ ವಿಚಿತ್ರದ ಕಥೆ ಕೃತಕ ಗಾಂಜಾದ್ದು. ಅಮೆರಿಕದ ಕ್ಲೆಮ್ಸನ್ ವಿಶ್ವವಿದ್ಯಾಲಯದ ಜಾನ್ ಹಫ್‌ಮನ್ ಎಂಬ ಪ್ರಾಧ್ಯಾಪಕರು ಮೆದುಳು ಗಾಂಜಾಕ್ಕೆ ಹೇಗೆ ಸ್ಪಂದಿಸುತ್ತದೆ ಎಂದು ತಿಳಿಯಲು ನೂರಾರು ಅಣುಗಳನ್ನು ತಯಾರಿಸಿ, ವಿದ್ವಾಂಸರ ಪತ್ರಿಕೆಗಳಲ್ಲಿ ಪ್ರಕಟಿಸಿದರು. ಅದನ್ನು ಓದಿದವರಲ್ಲಿ ವಿದ್ವಾಂಸರಲ್ಲದವರೂ ಇದ್ದರು! 2008ರ ಕೊನೆಗೆ ಜರ್ಮನಿಯಲ್ಲಿ ‘ಸ್ಪೈಸ್’ ಎಂಬ ಹೆಸರಿನ ಧೂಪದ ಪೊಟ್ಟಣ ಬಿಡಿಸಿ ನೋಡಿದಾಗ ಒಣಸೊಪ್ಪಿನ ಮೇಲೆ ಸಿಂಪಡಿಸಿದ್ದು ಆ ಪ್ರಾಧ್ಯಾಪಕರ ಹೆಸರಿನ ಆದ್ಯಕ್ಷರಗಳನ್ನೇ ಹೊತ್ತ ‘ಜೆಡಬ್ಲ್ಯುಎಚ್-018’ ಎಂಬ ಅಣು ಎಂದು ತಿಳಿಯಿತು. ಗಾಂಜಾ ಕೂರುವ ಮೆದುಳಿನ ಅದೇ ಪೀಠದಲ್ಲಿ ಅದಕ್ಕಿಂತ ಗಟ್ಟಿಯಾಗಿ ಕೂರುವ ಈ ವಸ್ತುವಿಗೂ ಗಾಂಜಾದ ಅಣುವಿಗೂ ಆಕಾರದಲ್ಲಿ ಏನೇನೂ ಹೋಲಿಕೆಯಿಲ್ಲ. ಆದ್ದರಿಂದ ಗಾಂಜಾ ಪಟ್ಟಿಗೆ ಅದು ಕಾಣುವುದೇ ಇಲ್ಲ. ವಿಶ್ವಸಂಸ್ಥೆಯ ಮಾದಕ ವಸ್ತು ಕಚೇರಿಗೆ ನಾನಾ ದೇಶಗಳಿಂದ ವರದಿಯಾಗಿರುವ ಇಂಥ ಹೊಸ ವಸ್ತುಗಳು 1,200ನ್ನೂ ಮೀರಿವೆ. ಅಂಗಡಿಯ ಪಟ್ಟಿಗೆ ಗೊತ್ತಿರುವುದು ಐದೋ ಹತ್ತೋ.

ಗಸಗಸೆ ಪಾಯಸ ಮತ್ತು ನೆಗಡಿ ಮಾತ್ರೆ

ತಪ್ಪು ಇನ್ನೊಂದು ದಿಕ್ಕಿನಲ್ಲೂ ಆಗುತ್ತದೆ. ನೆಗಡಿಗೆ ಕೊಡುವ ಸ್ಯೂಡೋಎಫೆಡ್ರಿನ್ ಇರುವ ಮಾತ್ರೆ ಕೆಲವು ಪಟ್ಟಿಗಳಲ್ಲಿ ಆಂಫೆಟಮಿನ್ ಎಂದು ತೋರಬಹುದು. ಕೊಡೀನ್ ಇರುವ ಕೆಮ್ಮಿನ ಔಷಧಿ ಅಫೀಮಿನ ಸಾಲಿಗೆ ಸೇರುತ್ತದೆ. ನಮ್ಮ ಹಬ್ಬದೂಟದ ಗಸಗಸೆ ಪಾಯಸವನ್ನಂತೂ ಮರೆಯುವಂತಿಲ್ಲ. ಗಸಗಸೆ ಅಫೀಮು ಗಿಡದ ಬೀಜ. ಬೀಜದಲ್ಲಿ ಅಮಲಿಲ್ಲ ನಿಜ; ಆದರೆ ಕಾಯಿಯ ಹಾಲು ಸೋಂಕಿ ಮಾರ್ಫಿನ್, ಕೊಡೀನ್‌ಗಳ ಲೇಶ ಅದಕ್ಕೆ ಅಂಟಿರುತ್ತದೆ. ಗಸಗಸೆ ಉದುರಿಸಿದ ಬ್ರೆಡ್ ತಿಂದವರು ನೌಕರಿಯ ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತಿದ್ದ ಕಾರಣಕ್ಕೇ ಅಮೆರಿಕದ ಸರ್ಕಾರ 1998ರಲ್ಲಿ ಅಫೀಮು ವರ್ಗದ ಮಿತಿಯನ್ನು 300 ನ್ಯಾನೊಗ್ರಾಂನಿಂದ 2,000ಕ್ಕೆ ಏರಿಸಿತು. ಸಂಯುಕ್ತ ಅರಬ್ ಸಂಸ್ಥಾನಗಳಲ್ಲಿ ಗಸಗಸೆಯೇ ನಿಷಿದ್ಧ. ದುಬೈಗೆ ಹೊರಟ ಮಗನ ಪೆಟ್ಟಿಗೆಗೆ ಪಾಯಸದ ಸಾಮಾನು ಕಟ್ಟಿಕೊಡುವ ತಾಯಂದಿರು ಇದನ್ನು ತಿಳಿದಿರುವುದು ಒಳ್ಳೆಯದು.

ಇದು ಬರೇ ಪ್ರಾಥಮಿಕ ಪರೀಕ್ಷೆ, ಖಚಿತ ವಿಧಾನದಿಂದ ದೃಢಪಡಿಸಿಕೊಳ್ಳಬೇಕು ಎಂದು ಪಟ್ಟಿಯ ಜೊತೆಗೆ ಬರುವ ಕಾಗದದಲ್ಲೇ ಅಚ್ಚಾಗಿರುತ್ತದೆ. ಅದನ್ನು ಓದುವ ತಾಳ್ಮೆ ಠಾಣೆಗೂ ಇರುವುದಿಲ್ಲ, ಕಾಲೇಜಿನ ಆಡಳಿತಕ್ಕೂ ಇರುವುದಿಲ್ಲ.

ಮಡಕೆಯ ಚೂರು ನೋಡಿ ಅಚ್ಚು ಹೇಳುವುದು

ದೃಢಪಡಿಸುವ ಕೆಲಸ ದೊಡ್ಡ ಪ್ರಯೋಗಾಲಯದ್ದು. ಮಾದರಿ ಬಂದ ಕೂಡಲೇ ಅದು ನಿಜವಾಗಿ ಮೂತ್ರವೇ, ನೀರು ಬೆರೆತಿದೆಯೇ ಎಂದು ನೋಡುತ್ತಾರೆ. ಅದಕ್ಕೆ ಕ್ರಿಯಾಟಿನಿನ್ ಪ್ರಮಾಣ, ಸಾಂದ್ರತೆ, ಆಮ್ಲೀಯತೆಯ ಅಳತೆ. ಆಗಷ್ಟೇ ಕೊಟ್ಟ ಮಾದರಿಯಾದರೆ ಅದರ ಬಿಸಿಯನ್ನೂ ಅಳೆಯುತ್ತಾರೆ. ಆಮೇಲೆ ಯಂತ್ರದ ಸರದಿ. ಮೂತ್ರದಿಂದ ಬೇರ್ಪಡಿಸಿದ ಸತ್ವವನ್ನು ಬಿಸಿ ಆವಿಯಾಗಿಸಿ, ಕೂದಲಿಗಿಂತ ತುಸು ದಪ್ಪನೆಯ ರಂಧ್ರವಿರುವ, ಹತ್ತಾರು ಮೀಟರ್ ಉದ್ದದ ಸುರುಳಿ ಕೊಳವೆಯೊಳಗೆ ಓಡಿಸುತ್ತಾರೆ. ಒಂದೊಂದು ವಸ್ತುವೂ ತನ್ನದೇ ಹೊತ್ತಿಗೆ ಆಚೆ ತುದಿ ಮುಟ್ಟುತ್ತದೆ. ಅಲ್ಲಿ ಎಲೆಕ್ಟ್ರಾನುಗಳ ಹೊಡೆತಕ್ಕೆ ಅಣು ಚೂರಾಗುತ್ತದೆ, ಚೂರುಗಳ ತೂಕವನ್ನು ಯಂತ್ರ ಬರೆದುಕೊಳ್ಳುತ್ತದೆ. ಒಂದೇ ಅಣು ಪ್ರತಿ ಸಾರಿಯೂ ಒಂದೇ ರೀತಿ ಒಡೆಯುತ್ತದೆ. ಮಡಕೆಯ ಚೂರು ನೋಡಿ ಇದು ಯಾವ ಅಚ್ಚಿನದು ಎಂದು ಹೇಳಿದಂತೆ. ಇದೇ ಗ್ಯಾಸ್ ಕ್ರೊಮಾಟೊಗ್ರಫಿ-ಮಾಸ್ ಸ್ಪೆಕ್ಟ್ರೋಮೆಟ್ರಿ. ಆವಿಯಾಗಲು ಒಲ್ಲದ ವಸ್ತುಗಳಿಗೆ ದ್ರವದಲ್ಲೇ ಓಡಿಸುವ ಇನ್ನೊಂದು ಬಗೆಯ ಯಂತ್ರವಿದೆ. ಎಲ್‌ಎಸ್‌ಡಿಯಂಥ ವಸ್ತುವಿಗೆ ಅದು ಬೇಕೇ ಬೇಕು. ಅದರ ಒಂದು ಸೇವನೆಯೇ ಗ್ರಾಮಿನ ಹತ್ತು ಸಾವಿರದಲ್ಲೊಂದು ಭಾಗದಷ್ಟು. ಮೂತ್ರಕ್ಕೆ ಬರುವುದು ಅದರಲ್ಲೂ ಅತ್ಯಲ್ಪ, ಅದೂ ಒಂದೆರಡು ದಿನ ಮಾತ್ರ.

ಆದರೆ ಯಂತ್ರಕ್ಕೂ ಒಂದು ಗ್ರಂಥಾಲಯ ಬೇಕು. ಚೂರುಗಳ ನಮೂನೆಯನ್ನು ಅದು ತನ್ನಲ್ಲಿರುವ ನಮೂನೆಗಳ ಜೊತೆ ಹೋಲಿಸುತ್ತದೆ. ಅಲ್ಲಿ ಇಲ್ಲದ ವಸ್ತು ಬಂದರೆ ತೆರೆಯ ಮೇಲೆ ಹೆಸರಿಲ್ಲದ ಒಂದು ಶಿಖರ ಏಳುತ್ತದೆ, ಅಷ್ಟೇ. ಶುದ್ಧ ವಸ್ತುವಿನ ಪ್ರಮಾಣಿತ ಮಾದರಿ ಕೈಯಲ್ಲಿದ್ದು ಅದರ ಪಕ್ಕದಲ್ಲಿ ಓಡಿಸಿ ನೋಡಿದರೆ ಮಾತ್ರ ನ್ಯಾಯಾಲಯದಲ್ಲಿ ನಿಲ್ಲುವಂಥ ಮಾತು ಹೇಳಬಹುದು. ಇನ್ನೊಂದು ತೊಡಕು: ಕೃತಕ ಗಾಂಜಾದ ವಸ್ತುಗಳು ಮೂತ್ರಕ್ಕೆ ತಮ್ಮ ಮೂಲ ರೂಪದಲ್ಲಿ ಬರುವುದೇ ಅಪರೂಪ. ದೇಹ ಅವನ್ನು ಮಾರ್ಪಡಿಸಿ ಕಳಿಸುತ್ತದೆ. ಹುಡುಕಬೇಕಾದ್ದು ಸೇದಿದ ವಸ್ತುವನ್ನಲ್ಲ, ದೇಹ ಅದನ್ನು ಏನು ಮಾಡಿತೋ ಅದನ್ನು. ಹೊಸ ವಸ್ತು ಬಂದಾಗ ದೇಹ ಅದನ್ನು ಏನು ಮಾಡುತ್ತದೆ ಎಂದು ಯಾರಾದರೂ ಮೊದಲು ಕಂಡುಹಿಡಿದಿರಬೇಕು. ಆ ಹೊತ್ತಿಗೆ ಮಾರುಕಟ್ಟೆ ಇನ್ನೊಂದು ವಸ್ತುವಿಗೆ ದಾಟಿರುತ್ತದೆ.

ಕರ್ನಾಟಕದಲ್ಲಿ ಈ ಪರೀಕ್ಷೆಗಳು ಮನೆಮಾತಾದದ್ದು 2020ರಲ್ಲಿ, ಚಿತ್ರರಂಗದ ಕೆಲವರ ಮೇಲೆ ಬೆಂಗಳೂರಿನ ಪೊಲೀಸರು ಪ್ರಕರಣ ದಾಖಲಿಸಿದಾಗ. ಆಗ ಕೂದಲಿನ ಮಾದರಿ ಹೈದರಾಬಾದಿನ ಕೇಂದ್ರೀಯ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಹೋಯಿತು. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುವುದರಿಂದ ಮೂತ್ರ ಮರೆತದ್ದನ್ನು ಅದು ತಿಂಗಳುಗಟ್ಟಲೆ ನೆನಪಿಟ್ಟುಕೊಳ್ಳುತ್ತದೆ. ವರದಿ ಬಂದದ್ದು 2021ರ ಆಗಸ್ಟಿನಲ್ಲಿ. ಮುಂದೆ ಹೈಕೋರ್ಟು ಆ ಪ್ರಕರಣವನ್ನು ಕೆಲವರ ಮಟ್ಟಿಗೆ ರದ್ದುಪಡಿಸಿತು. ಆ ನಡುವೆ ಟಿವಿ ಚಾನೆಲ್ಲುಗಳು ತೀರ್ಪು ಕೊಟ್ಟು ಮುಗಿಸಿದ್ದವೆನ್ನಿ! 2024ರ ಮೇ ತಿಂಗಳಲ್ಲಿ ಎಲೆಕ್ಟ್ರಾನಿಕ್ ಸಿಟಿ ಬಳಿಯ ತೋಟದ ಮನೆಯ ಪಾರ್ಟಿಯಲ್ಲಿ ಸಿಕ್ಕ 103 ಜನರ ರಕ್ತ ಪರೀಕ್ಷೆಯಾಯಿತು, 86 ಮಂದಿಯಲ್ಲಿ ಮಾದಕ ವಸ್ತು ಕಂಡಿತು. ತಲೆಬರಹಕ್ಕೆ ಏರಿದ್ದು ಆ ಸಂಖ್ಯೆ. ಉಳಿದ 17 ಮಂದಿ ಏನೂ ಸೇವಿಸಿರಲಿಲ್ಲವೋ ಅಥವಾ ಹುಡುಕಿದ ವಸ್ತುಗಳ ಸಾಲಿಗೆ ಬಾರದ್ದನ್ನು ಸೇವಿಸಿದ್ದರೋ ಎಂಬುದನ್ನು ಯಾವ ಸಂಖ್ಯೆಯೂ ಹೇಳಲಾರದು.

ಸುಳ್ವಾಡಿಯ ಪಾಠ

ಹನೂರು ಸೀಮೆಯ ಜನಕ್ಕೆ ವಿಷದ ಪರೀಕ್ಷೆ ಎಂದರೇನೆಂದು ಯಾರೂ ಹೇಳಿಕೊಡಬೇಕಿಲ್ಲ. 2018ರ ಡಿಸೆಂಬರ್ 14ರಂದು ಸುಳ್ವಾಡಿಯ ಕಿಚ್ಚುಗುತ್ತಿ ಮಾರಮ್ಮನ ಗುಡಿಯಲ್ಲಿ ಪ್ರಸಾದ ಉಂಡ 17 ಜನ ಸತ್ತರು, ನೂರಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿದರು. ಅನ್ನಕ್ಕೆ ಬೆರೆತದ್ದು ಮೊನೊಕ್ರೊಟೊಫಾಸ್ ಎಂಬ ಕೀಟನಾಶಕ ಎಂದು ಪ್ರಯೋಗಾಲಯ ಗುರುತಿಸಿತು. ಅಮಲಿಗೂ ಆ ದುರಂತಕ್ಕೂ ಸಂಬಂಧವಿಲ್ಲ. ಆದರೆ ಒಂದು ಮಾತು ಗಮನಿಸಬೇಕು. ಆ ವಿಷ ವೈದ್ಯರಿಗೆ ಗೊತ್ತಿದ್ದ ವಿಷ. ಬಾಯಲ್ಲಿ ನೊರೆ, ಸೂಜಿಮೊನೆಯಷ್ಟಾದ ಕಣ್ಣಿನ ಪಾಪೆ, ಬೆವರು, ಇವು ನಮ್ಮ ತಾಲ್ಲೂಕು ಆಸ್ಪತ್ರೆಗಳು ದಿನನಿತ್ಯ ನೋಡುವ ಲಕ್ಷಣಗಳು. ಅದಕ್ಕೆ ಅಟ್ರೋಪಿನ್ ಎಂಬ ಮದ್ದೂ ಇದೆ. ಪ್ರಯೋಗಾಲಯಕ್ಕೂ ಏನನ್ನು ಹುಡುಕಬೇಕೆಂಬ ಸುಳಿವಿತ್ತು.

ಹೊಸ ಅಮಲಿನ ವಸ್ತು ನುಂಗಿ ಜ್ವರ ಏರಿ, ಎದೆ ಡವಗುಟ್ಟಿ, ಯಾರನ್ನೋ ಕಂಡು ಕಿರುಚುವ ಹುಡುಗನನ್ನು ರಾತ್ರಿ ಎರಡು ಗಂಟೆಗೆ ಕರೆತಂದರೆ ವೈದ್ಯರ ಕೈಯಲ್ಲಿರುವುದು ಅದೇ ಪಟ್ಟಿ. ಅದರಲ್ಲಿ ಎಲ್ಲ ಗೆರೆಗಳೂ ಮೂಡಿದರೆ ‘ಮಾದಕ ವಸ್ತು ಇಲ್ಲ’ ಎಂದು ಬರೆದು, ಮನೋರೋಗದ ಚಿಕಿತ್ಸೆಗೆ ಕಳಿಸುವ ಅಪಾಯ ಉಂಟು. ಪಟ್ಟಿಯ ‘ಇಲ್ಲ’ ಎಂಬುದಕ್ಕೆ ನಿಜವಾದ ಅರ್ಥ ‘ನಾನು ಬಲ್ಲ ಐದಾರು ವಸ್ತು ಇಲ್ಲ’ ಎಂದಷ್ಟೇ. ಇಂಥ ಕಡೆ ಜೀವ ಹೋಗುವುದು ಸಾಧ್ಯ. 2023ರ ನವೆಂಬರಿನಲ್ಲಿ ಐರ್ಲೆಂಡಿನ ಡಬ್ಲಿನ್ ನಗರದಲ್ಲಿ ಹೆರಾಯಿನ್ ಎಂದು ತಿಳಿದು ಪುಡಿ ಸೇವಿಸಿದವರು ಸಾಲುಸಾಲಾಗಿ ಪ್ರಜ್ಞೆ ತಪ್ಪಿದರು. ಪ್ರಯೋಗಾಲಯ ಅದು ನಿಟಾಜೀನ್ ವರ್ಗದ ಅತಿ ತೀಕ್ಷ್ಣ ಕೃತಕ ವಸ್ತು ಎಂದು ಗುರುತಿಸಿತು, ಕೂಡಲೇ ಊರಿಗೆಲ್ಲ ಎಚ್ಚರಿಕೆ ಹೋಯಿತು. ಪ್ರಯೋಗಾಲಯ ಅಲ್ಲಿ ಪೊಲೀಸರ ಸಾಕ್ಷಿಯಷ್ಟೇ ಅಲ್ಲ, ಊರಿನ ಡಂಗುರವೂ ಹೌದು.

ಲಂಡನ್ನಿನ ವೈದ್ಯರು ಇನ್ನೊಂದು ಉಪಾಯ ಮಾಡಿದ್ದರು. 2012ರ ಮಾರ್ಚಿನ ಒಂದು ಶನಿವಾರ ರಾತ್ರಿ ನಗರದ ನಡುವೆ ಬೀದಿಯಲ್ಲಿಟ್ಟಿದ್ದ 12 ತಾತ್ಕಾಲಿಕ ಮೂತ್ರಾಲಯಗಳಲ್ಲಿ ಸೇರಿದ್ದನ್ನು ಪರೀಕ್ಷೆಗೆ ಒಯ್ದರು. ಯಾರದು ಎಂದು ಯಾರಿಗೂ ಗೊತ್ತಿಲ್ಲ, ಯಾರ ಮೇಲೂ ಮೊಕದ್ದಮೆಯಿಲ್ಲ. ಊರು ಏನನ್ನು ಸೇವಿಸುತ್ತಿದೆ ಎಂಬುದು ಮಾತ್ರ ಗೊತ್ತಾಯಿತು. ಮೆಫೆಡ್ರೋನ್ ಸೇರಿ ಹೊಸ ವಸ್ತುಗಳು ಅದರಲ್ಲಿದ್ದವು. ಬೆಂಗಳೂರಿನ ಹೊಸ ವರ್ಷದ ರಾತ್ರಿ ಮಹಾತ್ಮ ಗಾಂಧಿ ರಸ್ತೆಯ ಬಳಿ ಇಂಥದ್ದೊಂದು ನಡೆದರೆ ನೂರು ದಾಳಿಗಿಂತ ಹೆಚ್ಚಿನ ಮಾಹಿತಿ ಸಿಕ್ಕೀತು. ಅದಕ್ಕೆ ಬೇಕಾದ ವಿದ್ಯೆ ನಮ್ಮಲ್ಲಿ ಇಲ್ಲದೆಯೂ ಇಲ್ಲ. ಮಡಿವಾಳದ ರಾಜ್ಯ ವಿಧಿವಿಜ್ಞಾನ ಪ್ರಯೋಗಾಲಯವಿದೆ, ಮೈಸೂರು ಮೊದಲಾದ ಕಡೆ ಅದರ ಪ್ರಾದೇಶಿಕ ಶಾಖೆಗಳಿವೆ, ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸಾ ಕೇಂದ್ರವೂ ವಿಷವಸ್ತುಗಳನ್ನು ಅಭ್ಯಸಿಸುವ ವಿಭಾಗವೂ ಇವೆ. ಕೊರತೆ ಇರುವುದು ಹುಡುಕುವ ಉದ್ದೇಶದಲ್ಲಿ. ಯಾರನ್ನು ಹಿಡಿಯಬೇಕು ಎಂದು ಹುಡುಕುವುದು ಬೇರೆ, ಏನು ಬಂದಿದೆ ಎಂದು ಹುಡುಕುವುದು ಬೇರೆ.

ವ್ಯಸನದ ಚಿಕಿತ್ಸೆಗೆ ತಾನಾಗಿ ಬರುವ ವ್ಯಸನಿಗೆ ಮಾದಕ ವಸ್ತು ಕಾಯ್ದೆಯ 64ಎ ಕಲಮು ರಕ್ಷಣೆ ಕೊಡುತ್ತದೆ. ಸೇವನೆಯ ಅಥವಾ ಅಲ್ಪ ಪ್ರಮಾಣದ ಆರೋಪ ಹೊತ್ತವನು ಸರ್ಕಾರದ ಅಥವಾ ಮಾನ್ಯತೆ ಪಡೆದ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದರೆ ವಿಚಾರಣೆಯಿಂದ ಪಾರಾಗಬಹುದು. ಅರ್ಧಕ್ಕೇ ಬಿಟ್ಟುಹೋದರೆ ಆ ರಕ್ಷಣೆ ಹೋಗುತ್ತದೆ. ಕೊಳ್ಳೇಗಾಲ, ಹನೂರಿನ ಎಷ್ಟು ಮನೆಗಳಿಗೆ ಇದು ತಿಳಿದಿದೆಯೋ! ಚಿಕಿತ್ಸೆಯ ಕೋಣೆಯಲ್ಲೂ ಮೂತ್ರ ಪರೀಕ್ಷೆ ನಡೆಯುತ್ತದೆ, ಆದರೆ ಅಲ್ಲಿ ಅದರ ಕೆಲಸ ಬೇರೆ. ದಿನವೂ ಸೇದುತ್ತಿದ್ದವನ ಮೂತ್ರದಲ್ಲಿ ಗಾಂಜಾದ ಗುರುತು ವಾರದಿಂದ ವಾರಕ್ಕೆ ಇಳಿಯುತ್ತಾ ಹೋದರೆ ಅವನು ನಿಜಕ್ಕೂ ಬಿಟ್ಟಿದ್ದಾನೆ ಎಂದು ವೈದ್ಯರು ಹೇಳಬಲ್ಲರು. ಅಂಗಡಿಯ ಪಟ್ಟಿ ‘ಇದೆ’ ಎಂದು ಬಯ್ಯುವ ಹೊತ್ತಿನಲ್ಲೇ ಯಂತ್ರದ ಅಂಕಿ ಅವನ ಪರವಾಗಿ ಮಾತಾಡುತ್ತಿರುತ್ತದೆ. ಹೊಸ ಪುಡಿಯವನ ವಿಷಯದಲ್ಲಿ ಮಾತ್ರ ವೈದ್ಯರು ಪಟ್ಟಿಯನ್ನು ಬದಿಗಿಟ್ಟು ಅವನನ್ನೇ ಕೇಳುತ್ತಾರೆ: ಏನು ತಗೊಂಡೆ, ಯಾರು ಕೊಟ್ಟರು ಎಂದಲ್ಲ, ಅದರ ಹೆಸರೇನು, ಬಣ್ಣ ಹೇಗಿತ್ತು, ಎಷ್ಟು ಹೊತ್ತಿಗೆ ಏರಿತು? ಹುಡುಗ ಹೆದರದೆ ಬಾಯಿ ಬಿಟ್ಟರೆ ಪ್ರಯೋಗಾಲಯಕ್ಕೆ ಹೋಗುವ ಚೀಟಿಯ ಮೇಲೆ ಒಂದು ಸಾಲು ಹೆಚ್ಚಾಗಿ ಸೇರುತ್ತದೆ. ಆ ಸಾಲು ಹಿಡಿದು ಅಲ್ಲಿನವರು ಹುಡುಕಲು ಶುರುಮಾಡುತ್ತಾರೆ.